ಕೈತಪ್ಪದ ಮೊಲ, ಮುಚ್ಚದ ವಿತರಣಾ ಕಂಪನಿ: ‘ಹೀಗಾಗಿದ್ದರೆ’ ಪೆಟ್ಟಿಗೆಯೊಂದರ ವಿಮರ್ಶೆ

ಕಾರ್ಟೂನ್ ಮತ್ತು ಕಾಮಿಕ್ಸ್‌ಗಳ ಚರಿತ್ರೆಯನ್ನು ತಲೆಗೆ ಹಚ್ಚಿಕೊಂಡ ನಾಲ್ಕು ಜನ ಒಂದೆಡೆ ಕುಳಿತರೆ ಮಾತು ನಡೆದದ್ದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಡೆಯದೆ ಉಳಿದದ್ದರ ಕಡೆಗೆ ಜಾರುತ್ತದೆ. ಆ ಮೊಲ ಡಿಸ್ನಿಯ ಕೈಯಲ್ಲೇ ಉಳಿದಿದ್ದರೆ? ಆ ಹೆಲಿಕಾಪ್ಟರ್ ಅಂದು ಹಾರದೇ ಇದ್ದಿದ್ದರೆ? ಇಂಥ ಹರಟೆಗೆ ಚೌಕಟ್ಟು ಕಟ್ಟಿ, ಕಾರ್ಡುಗಳ ರೂಪದಲ್ಲಿ ಪೆಟ್ಟಿಗೆಗೆ ತುಂಬಿ ಮಾರುತ್ತಿರುವ ಆಟವೊಂದನ್ನು ನಾನು ಮತ್ತು ಮೂವರು ಗೆಳೆಯರು ಕೆಲವು ತಿಂಗಳಿಂದ ಆಡುತ್ತಿದ್ದೇವೆ. ಆಟ ನನಗೆ ಹಿಡಿಸಿದೆ. ತಯಾರಕರೊಡನೆ ಒಂದು ಕಾರ್ಡಿನ ವಿಷಯಕ್ಕೆ ಪತ್ರಯುದ್ಧವನ್ನೂ ನಡೆಸಿದ್ದೇನೆ. ಅದನ್ನು ಮುಂದೆ ಹೇಳಲಿರುವುದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು ಎಂಬ ಮಾತಿಗೆ ಹೆಸರಿನ ಅಗತ್ಯವೂ ಇಲ್ಲ.

ಆಟದ ಕ್ರಮ ಸರಳವಾಗಿದೆ. ನೀಲಿ ಬೆನ್ನಿನ ಕಾರ್ಡುಗಳು ಕವಲುಗಳು: ಪ್ರತಿಯೊಂದರಲ್ಲೂ ಇತಿಹಾಸದ ಒಂದು ಘಟನೆ ಬೇರೆ ರೀತಿ ನಡೆಯಿತೆಂದು ಒಂದೇ ವಾಕ್ಯದಲ್ಲಿ ಬರೆದಿರುತ್ತದೆ. ಹಳದಿ ಬೆನ್ನಿನವು ಸಾಕ್ಷಿಗಳು: ಅವುಗಳಲ್ಲಿ ನಿಜವಾಗಿ ನಡೆದ ಸಂಗತಿಗಳು, ಇಸವಿಯೊಡನೆ ಇರುತ್ತವೆ. ಕವಲನ್ನು ಎತ್ತಿದವರು ಅದರಿಂದ ಹುಟ್ಟುವ ಮೂರು ಪರಿಣಾಮಗಳನ್ನು ಒಂದಕ್ಕೊಂದು ಪೋಣಿಸಿ ಹೇಳಬೇಕು, ಪ್ರತಿ ಪರಿಣಾಮಕ್ಕೂ ಕೈಯಲ್ಲಿರುವ ಒಂದು ಸಾಕ್ಷಿಯನ್ನು ಮೇಜಿನ ಮೇಲಿಡಬೇಕು, ಮತ್ತು ಇಷ್ಟೂ ಕೆಲಸ ಮರಳಿನ ಗಡಿಯಾರ ಬರಿದಾಗುವುದರೊಳಗೆ ಮುಗಿಯಬೇಕು. ಉಳಿದವರ ಬಳಿ ಮರದ ಆಕ್ಷೇಪ ಬಿಲ್ಲೆಗಳಿರುತ್ತವೆ. ಬಿಲ್ಲೆ ಬಿದ್ದರೆ ವಾದ ನಡೆಯುತ್ತದೆ, ಬಹುಮತ ಆಕ್ಷೇಪದ ಕಡೆಗಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಮನಸ್ಸಿಗೆ ಬಂದ ಹಾಗೆ ಗಾಳಿಗೋಪುರ ಕಟ್ಟುವ ಚಟವಿರುವ ನಮ್ಮಂಥವರಿಗೆ ಸಾಕ್ಷಿಯ ನಿಯಮವೇ ಮೂಗುದಾರ, ಮತ್ತು ಪೆಟ್ಟಿಗೆಯ ಬಹುಪಾಲು ಬೆಲೆ ಆ ಒಂದು ನಿಯಮದಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಮೊದಲ ಸಂಜೆ ನಮಗೆ ಬಂದ ಕವಲು ಮೊಲದ್ದೇ ಆಗಿತ್ತು. 1927ರಲ್ಲಿ ವಾಲ್ಟ್ ಡಿಸ್ನಿ ಮತ್ತು ಅಬ್ ಐವರ್ಕ್ಸ್ ರೂಪಿಸಿದ ಓಸ್ವಾಲ್ಡ್ ಎಂಬ ಮೊಲದ ಕಾರ್ಟೂನುಗಳು ಯೂನಿವರ್ಸಲ್ ಮೂಲಕ ಬಿಡುಗಡೆಯಾಗಿ ಚೆನ್ನಾಗಿಯೇ ಓಡುತ್ತಿದ್ದವು. 1928ರ ಆರಂಭದಲ್ಲಿ ಹೆಚ್ಚಿನ ಹಣ ಕೇಳಲು ನ್ಯೂಯಾರ್ಕಿಗೆ ಹೋದ ಡಿಸ್ನಿಗೆ ನಡುವಿನ ವ್ಯಾಪಾರಿ ಚಾರ್ಲ್ಸ್ ಮಿಂಟ್ಸ್ ಹೇಳಿದ್ದು ಬೇರೆಯೇ: ಹಣ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ, ಒಪ್ಪದಿದ್ದರೆ ನಿನ್ನ ಚಿತ್ರಗಾರರಲ್ಲಿ ಹೆಚ್ಚಿನವರು ಈಗಾಗಲೇ ನನ್ನ ಕಡೆ ಸಹಿ ಹಾಕಿಯಾಗಿದೆ, ಇನ್ನು ಮೊಲದ ಹಕ್ಕು ಹೇಗೂ ಯೂನಿವರ್ಸಲ್‌ನದು. ನಮ್ಮ ಕಾರ್ಡಿನಲ್ಲಿದ್ದ ಬದಲಾವಣೆ ಇಷ್ಟೇ: ಡಿಸ್ನಿ ಕೇಳಿದಷ್ಟು ಹಣವನ್ನು ಮಿಂಟ್ಸ್ ಕೊಟ್ಟ.

ಕಾರ್ಡ್ ಎತ್ತಿದ ಗೆಳೆಯ ಮೊದಲ ಪರಿಣಾಮವಾಗಿ ಮಿಕ್ಕಿ ಹುಟ್ಟುವುದಿಲ್ಲ ಎಂದ. ಇದಕ್ಕೆ ಯಾರೂ ಬಿಲ್ಲೆ ಹಾಕಲಿಲ್ಲ. ಮೊಲ ಕೈಯಲ್ಲಿದ್ದಾಗ ಇಲಿ ಬೇಕಿರಲಿಲ್ಲ. ಎರಡನೆಯದಾಗಿ, ಡಿಸ್ನಿ ಸ್ಟುಡಿಯೋ ಸಣ್ಣ ಗುತ್ತಿಗೆದಾರನಾಗಿಯೇ ಉಳಿದು ಹತ್ತು ವರ್ಷದಲ್ಲಿ ಮುಚ್ಚುತ್ತದೆ ಎಂದ. ಇಲ್ಲಿ ನಾನು ಬಿಲ್ಲೆ ಹಾಕಿದೆ. 1928ರ ನವೆಂಬರ್ 18ರಂದು ನ್ಯೂಯಾರ್ಕಿನ ಕಾಲನಿ ಥಿಯೇಟರಿನಲ್ಲಿ ಮಿಕ್ಕಿಯ ಚಿತ್ರ ತೆರೆಕಂಡಾಗ ಪ್ರೇಕ್ಷಕರನ್ನು ಹಿಡಿದದ್ದು ಇಲಿಯ ರೂಪವಷ್ಟೇ ಅಲ್ಲ, ಚಿತ್ರಕ್ಕೆ ತಾಳ ತಪ್ಪದೆ ಹೊಂದಿಸಿದ ಧ್ವನಿ. ಅದೇ ಇಲಿಯ ಮೊದಲ ಚಿತ್ರವನ್ನು ಮೂಕಿಯಾಗಿ ತಯಾರಿಸಿದಾಗ ಕೊಳ್ಳುವವರು ಸಿಕ್ಕಿರಲಿಲ್ಲ. ಧ್ವನಿಯ ಹುಚ್ಚು ಡಿಸ್ನಿಗೆ ಮೊಲದೊಂದಿಗೂ ಹತ್ತಬಹುದಿತ್ತಲ್ಲ? ಗೆಳೆಯ ತಕ್ಷಣ ಉತ್ತರ ಕೊಟ್ಟ: ಹುಚ್ಚು ಹತ್ತಬಹುದು, ಆದರೆ ಆ ಹುಚ್ಚಿಗೆ ದುಡ್ಡು ಸುರಿಯುವ ಸ್ವಾತಂತ್ರ್ಯ ಇರುತ್ತಿರಲಿಲ್ಲ; ಗುತ್ತಿಗೆಯವನು ಮಿಂಟ್ಸ್‌ನನ್ನು ಕೇಳಬೇಕಿತ್ತು, ಮಿಂಟ್ಸ್ ಯೂನಿವರ್ಸಲ್ ಅನ್ನು ಕೇಳಬೇಕಿತ್ತು. ನನ್ನ ಬಿಲ್ಲೆ ಅರ್ಧ ಮಾತ್ರ ಗೆದ್ದಿತು. ಸ್ಟುಡಿಯೋ ಮುಚ್ಚುವುದು ಬೇಡ, ಸಣ್ಣದಾಗಿ ಉಳಿಯಲಿ ಎಂದು ರಾಜಿಯಾದೆವು.

ಮೂರನೆಯ ಪರಿಣಾಮವೇ ಆ ಸಂಜೆಯ ಬೆಳಕು. ಮಿಂಟ್ಸ್ ಕಡೆಗೆ ಹೋದ ಚಿತ್ರಗಾರರಲ್ಲಿ ಹ್ಯೂ ಹಾರ್ಮನ್ ಮತ್ತು ರುಡಾಲ್ಫ್ ಐಸಿಂಗ್ ಇದ್ದರು. 1929ರಲ್ಲಿ ಯೂನಿವರ್ಸಲ್ ಮಿಂಟ್ಸ್‌ನನ್ನೂ ಕೈಬಿಟ್ಟು ಮೊಲವನ್ನು ವಾಲ್ಟರ್ ಲ್ಯಾಂಟ್ಸ್‌ಗೆ ಒಪ್ಪಿಸಿದಾಗ ಇವರಿಬ್ಬರೂ ಬೀದಿಗೆ ಬಿದ್ದರು. ಬೀದಿಗೆ ಬಿದ್ದದ್ದರಿಂದಲೇ ಬಾಸ್ಕೋ ಎಂಬ ಪಾತ್ರವನ್ನು ಕಟ್ಟಿಕೊಂಡು ನಿರ್ಮಾಪಕ ಲಿಯಾನ್ ಶ್ಲೆಸಿಂಗರ್ ಬಳಿ ಹೋದರು. 1930ರಲ್ಲಿ ವಾರ್ನರ್ ಸಂಸ್ಥೆಗಾಗಿ ಲೂನಿ ಟ್ಯೂನ್ಸ್ ಆರಂಭವಾದದ್ದು ಹೀಗೆ. ಅಂದರೆ ಮಿಂಟ್ಸ್ ಅಂದು ಕೈ ಬಿಚ್ಚಿದ್ದರೆ ನಮ್ಮ ಲೋಕದಿಂದ ಮಿಕ್ಕಿಯ ಜೊತೆಗೆ ಲೂನಿ ಟ್ಯೂನ್ಸ್ ಸರಣಿಯ ಮೊಲ ಬಗ್ಸ್ ಬನಿಯೂ ಮಾಯವಾಗುತ್ತಿದ್ದ, ಇಲಿ ಮತ್ತು ಮೊಲ ಎರಡೂ ಒಂದೇ ಏಟಿಗೆ! ಗೆಳೆಯನ ಕೈಯಲ್ಲಿ ಬಾಸ್ಕೋ ಸಾಕ್ಷಿ ಇತ್ತು. ಅವನು ಅದನ್ನು ಮೇಜಿನ ಮೇಲೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಆ ಕಾರ್ಡಿನ ಕೊನೆಯ ಸಾಲು ಇನ್ನೂ ಸೊಗಸಾಗಿದೆ: ಹಾರ್ಮನ್ ಮತ್ತು ಐಸಿಂಗ್ ಬಾಸ್ಕೋ ಹಕ್ಕನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರು, 1933ರಲ್ಲಿ ಹಣದ ವಿಚಾರಕ್ಕೆ ಶ್ಲೆಸಿಂಗರ್ ಜೊತೆ ಕೆಟ್ಟಾಗ ಪಾತ್ರವನ್ನು ಎತ್ತಿಕೊಂಡು ಹೊರಟರು. ಮೊಲವನ್ನು ಕಳೆದುಕೊಂಡವನ ಪಾಡನ್ನು ಹತ್ತಿರದಿಂದ ನೋಡಿದವರು ಅವರು. ಅಂದಹಾಗೆ, ಓಸ್ವಾಲ್ಡ್ ಕೊನೆಗೂ 2006ರಲ್ಲಿ ಡಿಸ್ನಿಗೆ ಮರಳಿದ. ವಿನಿಮಯವಾಗಿ ಡಿಸ್ನಿ ಒಡೆತನದ ವಾಹಿನಿಯ ಕ್ರೀಡಾ ನಿರೂಪಕ ಅಲ್ ಮೈಕಲ್ಸ್ ಎದುರಾಳಿ ವಾಹಿನಿಗೆ ಹೋದರು. ಕಾರ್ಟೂನ್ ಮೊಲಕ್ಕೆ ಬದಲಾಗಿ ಜೀವಂತ ಮನುಷ್ಯನನ್ನು ಕೊಡುವ ಇಂಥದ್ದನ್ನು ನಮ್ಮಲ್ಲಿ ಯಾರಾದರೂ ಪರಿಣಾಮವಾಗಿ ಹೇಳಿದ್ದರೆ ಮೂರು ಬಿಲ್ಲೆಗಳು ಒಟ್ಟಿಗೆ ಬೀಳುತ್ತಿದ್ದವು.

ಈ ಕಾರ್ಡ್ ಏಕೆ ಒಳ್ಳೆಯದೆಂದು ನಾನು ಆಮೇಲೆ ಯೋಚಿಸಿದೆ. ಅದು ಯಾರ ಪ್ರತಿಭೆಯನ್ನೂ ಅಳಿಸುವುದಿಲ್ಲ, ಯಾರನ್ನೂ ಹುಟ್ಟದಂತೆ ಮಾಡುವುದಿಲ್ಲ. ಒಂದು ಒಪ್ಪಂದದ ಒಂದು ಅಂಕಿಯನ್ನು ಮಾತ್ರ ಬದಲಾಯಿಸುತ್ತದೆ. ಪೆಟ್ಟಿಗೆಯಲ್ಲಿ ಈ ಬಗೆಯ ಕವಲುಗಳು ಆಡಿದಷ್ಟೂ ಬೆಳೆಯುತ್ತವೆ. ಇಂಥವನು ಹುಟ್ಟದಿದ್ದರೆ, ಇಂಥ ಪಾತ್ರ ಹೊಳೆಯದಿದ್ದರೆ ಎಂಬ ಬಗೆಯವು ಎರಡು ನಿಮಿಷದಲ್ಲಿ ಬತ್ತುತ್ತವೆ. ಉದಾಹರಣೆಗೆ ಸೂಪರ್‌ಮ್ಯಾನ್ ಕುರಿತು ಎರಡು ಕಾರ್ಡುಗಳಿವೆ. ಮೊದಲನೆಯದು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡಿನ ಶಾಲೆಯಲ್ಲಿ ಭೇಟಿಯಾಗದಿದ್ದರೆ ಎನ್ನುತ್ತದೆ. ಅದಕ್ಕೆ ಉತ್ತರ ಒಂದೇ: ಸೂಪರ್‌ಮ್ಯಾನ್ ಇರುವುದಿಲ್ಲ. ಅಲ್ಲಿಂದ ಮುಂದೆ ಹೇಳುವುದೆಲ್ಲ ಊಹೆಯ ಮೇಲಿನ ಊಹೆ, ಸಾಕ್ಷಿಗಳು ಕೈಯಲ್ಲೇ ಉಳಿದುಬಿಡುತ್ತವೆ.

ಎರಡನೆಯ ಕಾರ್ಡ್ ಕೇಳುವುದು 130 ಡಾಲರಿನ ಪ್ರಶ್ನೆ. 1938ರಲ್ಲಿ ಹದಿಮೂರು ಪುಟಗಳಿಗೆ ಪುಟಕ್ಕೆ ಹತ್ತರಂತೆ ಅಷ್ಟು ಹಣ ಪಡೆದು ಆ ಇಬ್ಬರು ಯುವಕರು ಪಾತ್ರದ ಹಕ್ಕನ್ನೇ ಪ್ರಕಾಶಕರಿಗೆ ಬರೆದುಕೊಟ್ಟರು. ಆ ಮೊತ್ತವನ್ನೂ ಒಳಗೊಂಡು ಬರೆದ 412 ಡಾಲರಿನ ಚೆಕ್ 2012ರ ಹರಾಜಿನಲ್ಲಿ 1,60,000 ಡಾಲರಿಗೆ ಮಾರಾಟವಾಯಿತು. ಅವರು ಹಕ್ಕನ್ನು ಉಳಿಸಿಕೊಂಡು ಪುಟಗಳನ್ನಷ್ಟೇ ಮಾರಿದ್ದರೆ? ಇದನ್ನು ಹಿಡಿದುಕೊಂಡು ನಾವು ಒಂದೂವರೆ ಗಂಟೆ ಜಗಳವಾಡಿದ್ದೇವೆ. ದಿನಪತ್ರಿಕೆಗಳಿಗೆ ಚಿತ್ರಕಥೆಗಳನ್ನು ಮಾರುವ ಸಿಂಡಿಕೇಟುಗಳೆಲ್ಲ ವರ್ಷಗಟ್ಟಲೆ ತಿರಸ್ಕರಿಸಿದ್ದ ಪಾತ್ರಕ್ಕೆ ಷರತ್ತು ಹಾಕುವ ಬಲ ಅವರಿಗೆ ಎಲ್ಲಿಂದ ಬರಬೇಕಿತ್ತು ಎನ್ನುವುದು ಒಂದು ಪಕ್ಷ. ಮರುವರ್ಷವೇ ಬ್ಯಾಟ್‌ಮ್ಯಾನ್ ವಿಷಯದಲ್ಲಿ ಅದರ ಚಿತ್ರಗಾರ ಬಾಬ್ ಕೇನ್ ತನ್ನ ಹೆಸರು ಎಂದೆಂದಿಗೂ ಇರುವಂಥ ಒಪ್ಪಂದವನ್ನು ಕುದುರಿಸಿಕೊಳ್ಳಲಿಲ್ಲವೇ ಎನ್ನುವುದು ಇನ್ನೊಂದು. ಅದಕ್ಕೆ ಮೂರನೆಯ ಗೆಳತಿ ಇಟ್ಟ ಸಾಕ್ಷಿ ಬಿಲ್ ಫಿಂಗರ್‌ನದು: ಅದೇ ಬ್ಯಾಟ್‌ಮ್ಯಾನ್ ಕಥೆಗಳನ್ನು ಮೊದಲ ಸಂಚಿಕೆಯಿಂದ ಬರೆದ ಆತ 1974ರಲ್ಲಿ ತೀರಿಕೊಂಡ, ಅವನ ಹೆಸರನ್ನು ಅಧಿಕೃತವಾಗಿ ಸೇರಿಸಿದ್ದು 2015ರಲ್ಲಿ. ಒಬ್ಬ ಒಪ್ಪಂದದಲ್ಲಿ ಗೆದ್ದರೆ ಪಕ್ಕದವನು ಅದೇ ಒಪ್ಪಂದದಲ್ಲಿ ಅಳಿಸಿಹೋಗುತ್ತಾನೆ ಎಂಬ ಅವಳ ವಾದದ ಮುಂದೆ ನಮ್ಮ ಸರಪಳಿಗಳೆಲ್ಲ ಸಡಿಲಾದವು.

ನನ್ನ ಮಟ್ಟಿಗೆ ಇಡೀ ಪೆಟ್ಟಿಗೆಯ ಅತ್ಯುತ್ತಮ ಕವಲು ಇದಕ್ಕಿಂತಲೂ ನೀರಸವಾಗಿ ಕಾಣುವ ಒಂದು ಕಾರ್ಡ್. ಅದರಲ್ಲಿ ಸೂಪರ್‌ಹೀರೋ ಇಲ್ಲ, ಚಿತ್ರಗಾರ ಇಲ್ಲ. ‘1957ರಲ್ಲಿ ಅಮೆರಿಕನ್ ನ್ಯೂಸ್ ಕಂಪನಿ ಮುಚ್ಚುವುದಿಲ್ಲ’ ಎಂದಷ್ಟೇ ಇದೆ. ಪತ್ರಿಕೆಗಳನ್ನು ಅಂಗಡಿಗಳಿಗೆ ಹಂಚುವ ದೊಡ್ಡ ಸಂಸ್ಥೆ ಅದು. ಮುಂದೆ ಮಾರ್ವೆಲ್ ಎನಿಸಿಕೊಂಡ ಪ್ರಕಾಶನದ ಮಾಲೀಕ ಮಾರ್ಟಿನ್ ಗುಡ್‌ಮನ್ ತನ್ನದೇ ವಿತರಣಾ ವ್ಯವಸ್ಥೆಯನ್ನು ಮುಚ್ಚಿ ಇವರ ಕೈಗೆ ಪತ್ರಿಕೆಗಳನ್ನು ಒಪ್ಪಿಸಿದ ಸ್ವಲ್ಪ ಕಾಲಕ್ಕೇ ಅದು ಬಾಗಿಲು ಹಾಕಿತು. ದಾರಿಯಿಲ್ಲದೆ ಆತ ಹೋಗಿ ನಿಂತದ್ದು ಸೂಪರ್‌ಮ್ಯಾನ್ ಪ್ರಕಟಿಸುತ್ತಿದ್ದ ಪ್ರತಿಸ್ಪರ್ಧಿ ಡಿಸಿಯ ಒಡೆಯರದೇ ಆಗಿದ್ದ ಇಂಡಿಪೆಂಡೆಂಟ್ ನ್ಯೂಸ್ ಬಾಗಿಲಿಗೆ. ಅವರು ಒಪ್ಪಿದರು, ಆದರೆ ತಿಂಗಳಿಗೆ ಎಂಟು ಶೀರ್ಷಿಕೆಗಳಿಗಿಂತ ಹೆಚ್ಚು ಹಂಚುವುದಿಲ್ಲವೆಂದರು. ಡಜನುಗಟ್ಟಲೆ ಪತ್ರಿಕೆಗಳನ್ನು ಹೊರಡಿಸುತ್ತಿದ್ದ ಸಂಸ್ಥೆ ಒಂದೇ ವರ್ಷದಲ್ಲಿ ಕುಗ್ಗಿತು, ಕಲಾವಿದರು ಚದುರಿದರು.

ಈ ಎಂಟರ ಮಿತಿಯನ್ನು ತಲೆಯಲ್ಲಿಟ್ಟುಕೊಂಡು 1960ರ ದಶಕದ ಆ ಕಾಮಿಕ್ಸ್‌ಗಳನ್ನು ತಿರುವಿದರೆ, ಕಲೆಯ ಲಕ್ಷಣವೆಂದು ನಾವು ಭಾವಿಸಿದ್ದ ಎಷ್ಟೋ ಸಂಗತಿಗಳು ಕಪಾಟಿನ ಅಳತೆಯಿಂದ ಹುಟ್ಟಿದವೆಂದು ತೋರುತ್ತದೆ. ಹೊಸ ನಾಯಕನಿಗೆ ಜಾಗ ಬೇಕೆಂದರೆ ಹಳೆಯದೊಂದನ್ನು ನಿಲ್ಲಿಸಬೇಕಿತ್ತು. 1962ರಲ್ಲಿ ಸ್ಪೈಡರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು ಮುಚ್ಚಲು ನಿರ್ಧರಿಸಿದ್ದ ಪತ್ರಿಕೆಯೊಂದರ ಕಡೆಯ ಸಂಚಿಕೆಯಲ್ಲಿ. ಹಲ್ಕ್‌ನ ಸ್ವಂತ ಪತ್ರಿಕೆ ಆರೇ ಸಂಚಿಕೆಗೆ 1963ರಲ್ಲಿ ನಿಂತಿತು. ಐರನ್ ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಒಂದೇ ಪತ್ರಿಕೆಯ ಪುಟಗಳನ್ನು ಹಂಚಿಕೊಂಡು ಬಾಳಿದರು. 1968ರಲ್ಲಿ ಈ ಮಿತಿ ಸಡಿಲವಾದಾಗ ಇಬ್ಬರಿಗೂ ಬೇರೆ ಬೇರೆ ಪತ್ರಿಕೆಗಳಾದವು. ಈಗ ಕಾರ್ಡಿನ ಮಾತಿಗೆ ಬಂದರೆ, ವಿತರಕ ಮುಚ್ಚದಿದ್ದರೆ ಗುಡ್‌ಮನ್ ತನ್ನ ಹಳೆಯ ಚಾಳಿಯಂತೆ ಮಾರುಕಟ್ಟೆಯಲ್ಲಿ ಓಡುವುದನ್ನೆಲ್ಲ ನಕಲು ಮಾಡಿ ಕೌಬಾಯ್, ಪ್ರಣಯ, ಯುದ್ಧ, ರಾಕ್ಷಸ ಎಂದು ಐವತ್ತು ಬಗೆಯ ಪತ್ರಿಕೆಗಳನ್ನು ಸುರಿಯುತ್ತಿದ್ದ ಎಂಬುದು ನನ್ನ ಮೊದಲ ಪರಿಣಾಮ. ಒಬ್ಬನೇ ಸಂಪಾದಕ, ಬೆರಳೆಣಿಕೆಯ ಚಿತ್ರಗಾರರು, ಬೆರಳೆಣಿಕೆಯ ಪತ್ರಿಕೆಗಳು ಎಂಬ ಸ್ಥಿತಿ ಇಲ್ಲದಿದ್ದರೆ ಪಾತ್ರಗಳು ಒಬ್ಬರ ಕಥೆಯೊಳಗೆ ಇನ್ನೊಬ್ಬರು ನುಗ್ಗುವ ಆ ಹೆಣೆದ ಲೋಕ ಅಷ್ಟು ಬಿಗಿಯಾಗಿ ಹುಟ್ಟುತ್ತಿರಲಿಲ್ಲ ಎಂಬುದು ಎರಡನೆಯದು. ಮೂರನೆಯದನ್ನು ನಾನು ಹೇಳುವ ಮೊದಲೇ ಮರಳು ಮುಗಿಯಿತು. ಅರ್ಧ ಶತಮಾನದ ನಂತರದ ಚಲನಚಿತ್ರಗಳ ಮಹಾಸರಣಿಯವರೆಗೆ ಎಳೆಯಬೇಕೆಂದಿದ್ದೆ. ಎಳೆದಿದ್ದರೆ ಬಿಲ್ಲೆ ಖಂಡಿತ ಬೀಳುತ್ತಿತ್ತು, ಬೀಳಬೇಕಾದದ್ದೂ ನ್ಯಾಯವೇ.

ಇನ್ನು ದೂರಿಗೆ ಬರುತ್ತೇನೆ. ಕಾಮಿಕ್ಸ್‌ಗಳಲ್ಲಿ ಏನಿರಬಹುದು, ಏನಿರಬಾರದು ಎಂದು ಹೇಳುವ ಕಾಮಿಕ್ಸ್ ಕೋಡ್ ಎಂಬ ನಿಯಮಾವಳಿ ಕುರಿತ ಕವಲಿನಲ್ಲಿ, ‘1954ರಲ್ಲಿ ಅಮೆರಿಕದ ಸರ್ಕಾರ ಭಯಾನಕ ಕಾಮಿಕ್ಸ್‌ಗಳನ್ನು ನಿಷೇಧಿಸುವ ಕಾಯ್ದೆಯನ್ನು ಜಾರಿಗೆ ತರುವುದಿಲ್ಲ’ ಎಂದು ಅಚ್ಚಾಗಿದೆ. ಅಂಥ ಕಾಯ್ದೆಯೇ ಇರಲಿಲ್ಲ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್‌ಗಳ ವಿರುದ್ಧ ಬರೆದದ್ದು, ಆ ವರ್ಷದ ಏಪ್ರಿಲ್ ಮತ್ತು ಜೂನ್‌ನಲ್ಲಿ ಸೆನೆಟ್ ಉಪಸಮಿತಿ ವಿಚಾರಣೆ ನಡೆಸಿದ್ದು, ಪ್ರಕಾಶಕ ವಿಲಿಯಂ ಗೇನ್ಸ್ ಅಲ್ಲಿ ಸಾಕ್ಷ್ಯ ಹೇಳಲು ಹೋಗಿ ಪೇಚಿಗೆ ಸಿಲುಕಿದ್ದು ಎಲ್ಲವೂ ನಿಜ. ಆದರೆ ಕೋಡ್ ಎಂಬುದನ್ನು ಬರೆದುಕೊಂಡದ್ದು ಪ್ರಕಾಶಕರದೇ ಸಂಘ. ಅದರ ಒಪ್ಪಿಗೆಯ ಮುದ್ರೆಯಿಲ್ಲದ ಪತ್ರಿಕೆಯನ್ನು ಅಚ್ಚು ಹಾಕಿದರೆ ಜೈಲಿಲ್ಲ, ದಂಡವಿಲ್ಲ. ಹಂಚುವವರು ಮುಟ್ಟುತ್ತಿರಲಿಲ್ಲ, ಅಂಗಡಿಯವರು ಕಟ್ಟನ್ನೂ ಬಿಚ್ಚದೆ ಹಿಂದಕ್ಕೆ ಕಳಿಸುತ್ತಿದ್ದರು, ಅಷ್ಟೇ.

ಇದು ಪಂಡಿತರ ಕೊಸರಾಟವಲ್ಲ. ಆಟವೇ ಇದರಿಂದ ಕೆಟ್ಟಿತು. ಕಾರ್ಡನ್ನು ನಂಬಿದ ಗೆಳತಿ ತನ್ನ ಸರಪಳಿಯನ್ನು ನ್ಯಾಯಾಲಯದ ದಾರಿಯಲ್ಲಿ ಕಟ್ಟಿದಳು: ಕಾಯ್ದೆಯೇನಾದರೂ ಬಂದಿದ್ದರೆ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕುತ್ತಿತ್ತು, ಆದ್ದರಿಂದ ಕವಲಿನಿಂದ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ ಎಂದು. ಅವಳ ತರ್ಕ ಚೊಕ್ಕವಾಗಿತ್ತು. 1948ರಲ್ಲಿ ಅಪರಾಧ ಕಥೆಗಳ ಪ್ರಕಟಣೆಗಳ ಮೇಲಿದ್ದ ನ್ಯೂಯಾರ್ಕ್ ರಾಜ್ಯದ ಕಾನೂನನ್ನು ಆ ಕೋರ್ಟ್ ಅಸ್ಪಷ್ಟವೆಂದು ರದ್ದುಪಡಿಸಿದ್ದ ಸಾಕ್ಷಿಯೂ ಅವಳ ಕೈಯಲ್ಲಿತ್ತು. ಆದರೆ ಕಾನೂನಲ್ಲದ್ದನ್ನು ಯಾವ ಕೋರ್ಟ್ ರದ್ದುಮಾಡಬೇಕು? ಕೋಡ್ ಅಷ್ಟು ಗಟ್ಟಿಯಾಗಿ ನಿಂತದ್ದೇ ಅದು ಕಾನೂನಾಗಿರಲಿಲ್ಲ ಎಂಬ ಕಾರಣಕ್ಕೆ. ಸರಿಯಾದ ಪ್ರಶ್ನೆ ಬೇರೆ ಇತ್ತು: ಡಿಸ್ನಿ ಪಾತ್ರಗಳ ಕಾಮಿಕ್ಸ್‌ಗಳನ್ನು ಹೊರಡಿಸುತ್ತಿದ್ದ ಡೆಲ್ ಸಂಸ್ಥೆ ಕೋಡಿಗೆ ಸೇರಲೇ ಇಲ್ಲ, ತನ್ನ ಹೆಸರೇ ಸಾಕು ಎಂದಿತು, ಅದರ ವ್ಯಾಪಾರಕ್ಕೆ ಏನೂ ಆಗಲಿಲ್ಲ, ಇನ್ನೂ ಇಬ್ಬರು ಮೂವರು ದೊಡ್ಡ ಪ್ರಕಾಶಕರು ಹಾಗೆಯೇ ಹೊರಗುಳಿದಿದ್ದರೆ ಹಂಚುವವರು ಏನು ಮಾಡುತ್ತಿದ್ದರು? ಹೀಗೆ ಕೇಳಿದ್ದರೆ ಗೇನ್ಸ್‌ನ ಭಯಾನಕ ಪತ್ರಿಕೆಗಳು ಉಳಿಯುತ್ತಿದ್ದವೇ, ಉಳಿದಿದ್ದರೆ ಆತ ತನ್ನ ಹಾಸ್ಯ ಕಾಮಿಕ್ ಮ್ಯಾಡ್ ಅನ್ನು 1955ರಲ್ಲಿ ಮ್ಯಾಗಜೀನಾಗಿ ಬದಲಾಯಿಸುತ್ತಿದ್ದನೇ ಎಂದು ಎಷ್ಟು ದೂರ ಹೋಗಬಹುದಿತ್ತು. ಕೋಡ್ ನಂತರ ಸಡಿಲವಾದ ಬಗೆಯೂ ಇದೇ ತರ್ಕಕ್ಕೆ ಒಪ್ಪುತ್ತದೆ: 1971ರಲ್ಲಿ ಸರ್ಕಾರದ ಆರೋಗ್ಯ ಇಲಾಖೆಯ ಕೋರಿಕೆಯಂತೆ ಮಾದಕ ವಸ್ತುಗಳ ವಿರುದ್ಧ ಬರೆದ ಸ್ಪೈಡರ್‌ಮ್ಯಾನ್ ಕಥೆಗೇ ಮುದ್ರೆ ಸಿಗಲಿಲ್ಲ, ಮಾರ್ವೆಲ್ ಮುದ್ರೆಯಿಲ್ಲದೆ ಮೂರು ಸಂಚಿಕೆಗಳನ್ನು ಹೊರತಂದಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಸರ್ಕಾರವೇ ಬೇಕೆಂದ ಕಥೆಯನ್ನು ಬೇಡವೆಂದ ಕೋಡನ್ನು ಸರ್ಕಾರದ ಕಾಯ್ದೆ ಎಂದು ಕರೆಯುವ ಕಾರ್ಡ್ ಅದೇ ಪೆಟ್ಟಿಗೆಯಲ್ಲಿರುವ 1971ರ ಸಾಕ್ಷಿಯನ್ನೇ ಓದಿಲ್ಲವೆಂದಾಯಿತು.

ಈ ತಪ್ಪನ್ನು ವಿವರಿಸಿ ತಯಾರಕರಿಗೆ ಬರೆದೆ. ಮೊದಲ ಉತ್ತರದಲ್ಲಿ ನನ್ನ ಪೆಟ್ಟಿಗೆಯಲ್ಲಿ ಕಾರ್ಡುಗಳು ಕಡಿಮೆ ಬಂದಿವೆಯೇ ಎಂದು ವಿಚಾರಿಸಿದ್ದರು. ಕಡಿಮೆ ಬಂದಿಲ್ಲ, ಒಂದು ಹಳದಿ ಕಾರ್ಡ್ ಎರಡು ಸಲ ಬಂದಿದೆ, ಆದರೆ ನನ್ನ ದೂರು ಅದಲ್ಲ ಎಂದು ಮತ್ತೆ ಬರೆದೆ. ಎರಡನೆಯ ಉತ್ತರದಲ್ಲಿ ಪರ್ಯಾಯ ಇತಿಹಾಸದ ಆಟದಲ್ಲಿ ಸಂಗತಿಗಳು ಬದಲಾಗಿರುವುದು ಸಹಜ ಎಂದು ನಯವಾಗಿ ತಿಳಿಸಿದರು. ಕವಲಿನ ಆಚೆಗಿನದು ಬದಲಾಗಬೇಕು, ಈಚೆಗಿನದು ಕಲ್ಲಿನಂತಿರಬೇಕು ಎಂಬುದು ಈ ಹವ್ಯಾಸದ ಅಆಇಈ. ಅದನ್ನು ಆಟ ತಯಾರಿಸಿದವರಿಗೇ ಮೂರನೆಯ ಪತ್ರದಲ್ಲಿ ಬಿಡಿಸಿ ಹೇಳಬೇಕಾಯಿತು. ಕೊನೆಗೆ ತಿದ್ದಿದ ಕಾರ್ಡ್ ಬಂತು, ಅದರ ಬೆನ್ನಿನ ನೀಲಿ ಉಳಿದವಕ್ಕಿಂತ ಒಂದು ಛಾಯೆ ತಿಳಿ. ಕಟ್ಟನ್ನು ಕಲೆಸಿ ಇಟ್ಟಾಗ ಮುಂದಿನ ಕವಲು ಅದೇ ಎಂದು ಈಗ ಎಲ್ಲರಿಗೂ ದೂರದಿಂದಲೇ ತಿಳಿಯುತ್ತದೆ.

ನನಗೆ ಹಿತವೆನಿಸದ ಇನ್ನೊಂದು ವಿಭಾಗವಿದೆ. ಏಳೆಂಟು ಕವಲುಗಳು ಸಾವುಗಳ ಮೇಲೆ ನಿಂತಿವೆ: ಮಪೆಟ್ ಬೊಂಬೆಗಳ ಸೃಷ್ಟಿಕರ್ತ ಜಿಮ್ ಹೆನ್ಸನ್ 1990ರ ಮೇ ತಿಂಗಳಲ್ಲಿ ತೀರಿಕೊಳ್ಳದಿದ್ದರೆ, ಡಿಸ್ನಿಯ ಅಧ್ಯಕ್ಷ ಫ್ರಾಂಕ್ ವೆಲ್ಸ್ 1994ರ ಏಪ್ರಿಲ್ 3ರ ಹೆಲಿಕಾಪ್ಟರ್ ಅಪಘಾತದಲ್ಲಿ ಬದುಕಿದ್ದರೆ. ಆಡುವುದಕ್ಕೆ ಇವು ಸಮೃದ್ಧವಾದ ಕಾರ್ಡುಗಳೇ. ವೆಲ್ಸ್ ಸತ್ತಾಗ ತೆರವಾದ ಸ್ಥಾನ ತನಗೆ ಸಿಗಲಿಲ್ಲವೆಂದು ಅಲ್ಲಿನ ಚಿತ್ರ ವಿಭಾಗದ ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್ ಡಿಸ್ನಿಯನ್ನು ತೊರೆದು ಅದೇ ಅಕ್ಟೋಬರಿನಲ್ಲಿ ಸ್ಪೀಲ್‌ಬರ್ಗ್ ಮತ್ತು ಗೆಫೆನ್ ಜೊತೆ ಡ್ರೀಮ್‌ವರ್ಕ್ಸ್ ಕಟ್ಟಿದ, ಆ ಸ್ಟುಡಿಯೋದ ಹಸಿರು ರಾಕ್ಷಸನ ಚಿತ್ರ ‘ಶ್ರೆಕ್’ ಆನಿಮೇಟೆಡ್ ಚಲನಚಿತ್ರಕ್ಕೆ ಕೊಟ್ಟ ಮೊಟ್ಟಮೊದಲ ಆಸ್ಕರನ್ನು ಒಯ್ದಿತು. ಇಷ್ಟು ನೇರವಾದ ಸರಪಳಿ ಇತಿಹಾಸದಲ್ಲಿ ಅಪರೂಪ. ಆದರೂ ಒಬ್ಬ ಮನುಷ್ಯನ ಸಾವನ್ನು ಮರಳಿನ ಗಡಿಯಾರದ ಮುಂದೆ ಅಂಕಗಳಾಗಿ ಎಣಿಸುವಾಗ ನಮ್ಮಲ್ಲಿ ಒಬ್ಬರಾದರೂ ಪ್ರತಿ ಸಲ ತುಸು ಸುಮ್ಮನಾಗುತ್ತೇವೆ. ಹೆನ್ಸನ್ ಕಾರ್ಡನ್ನು ಬರೆದ ಬಗೆ ಮಾತ್ರ ಚೆನ್ನಾಗಿದೆ. ಅದು ಅವನು ಬದುಕಿದ್ದರೆ ಇನ್ನೇನು ಸೃಷ್ಟಿಸುತ್ತಿದ್ದ ಎಂದು ಕೇಳುವುದಿಲ್ಲ. ಆ ಹೊತ್ತಿಗೆ ಡಿಸ್ನಿಯೊಡನೆ ನಡೆಯುತ್ತಿದ್ದ ಮಾರಾಟದ ಮಾತುಕತೆ ಪೂರ್ಣಗೊಂಡಿದ್ದರೆ ಏನೆಂದು ಕೇಳುತ್ತದೆ. ಅವನ ಸಾವಿನ ನಂತರ ಅದೇ ವರ್ಷದ ಕೊನೆಗೆ ಮುರಿದುಬಿದ್ದ ಆ ವ್ಯವಹಾರ ಬೇರೆ ರೂಪದಲ್ಲಿ ಕುದುರಿ ಮಪೆಟ್‌ಗಳು ಡಿಸ್ನಿಗೆ ಸೇರಿದ್ದು 2004ರಲ್ಲಿ. ಆ ಹದಿನಾಲ್ಕು ವರ್ಷಗಳನ್ನು ತುಂಬುವುದು ಗೌರವದಿಂದಲೇ ಆಡಬಹುದಾದ ಆಟ.

ಅಮೆರಿಕದ ಆಚೆಗೆ ಪೆಟ್ಟಿಗೆಯ ಕಣ್ಣು ಮಂದ. ಜಪಾನಿಗೆ ಬೆರಳೆಣಿಕೆಯ ಕಾರ್ಡುಗಳಿವೆ, ಅವುಗಳಲ್ಲಿ ಒಂದು ಮಾತ್ರ ಗಟ್ಟಿ: 1963ರ ಜನವರಿ 1ರಂದು ಟಿವಿಯಲ್ಲಿ ಆರಂಭವಾದ ಹುಡುಗ ರೋಬೋಟ್‌ನ ಸರಣಿ ‘ಆಸ್ಟ್ರೋ ಬಾಯ್’ ಅನ್ನು ಒಸಾಮು ತೆಜುಕಾ ಖರ್ಚಿಗೂ ಸಾಲದ ದರಕ್ಕೆ ಒಪ್ಪಿಕೊಳ್ಳದಿದ್ದರೆ ಎಂಬುದು. ಕಡಿಮೆ ಚಿತ್ರಗಳಲ್ಲಿ ಕೆಲಸ ಸಾಗಿಸುವ ಆ ಶೈಲಿ, ಅದರೊಂದಿಗೆ ಬಂದ ಅಗ್ಗದ ದರ, 1973ರಲ್ಲಿ ದಿವಾಳಿಯಾದ ಅವನ ಮುಶಿ ಸ್ಟುಡಿಯೋದಿಂದ ಹೊರಬಿದ್ದವರು ಕಟ್ಟಿದ ಸನ್‌ರೈಸ್ ಮತ್ತು ಮ್ಯಾಡ್‌ಹೌಸ್ ಸ್ಟುಡಿಯೋಗಳು, ಇಷ್ಟನ್ನೂ ಒಂದೇ ಕವಲಿನಿಂದ ಎಳೆಯಬಹುದು, ಆದರೆ ಎಳೆಯಲು ಬೇಕಾದ ಹಳದಿ ಸಾಕ್ಷಿಗಳನ್ನೇ ಅವರು ಕೊಟ್ಟಿಲ್ಲ. ಬೆಲ್ಜಿಯಂ ಮತ್ತು ಫ್ರಾನ್ಸ್ ಪಾಲಿಗೆ ಬಂದ ಜೋಡಿ ಕಾರ್ಡುಗಳು ಇದಕ್ಕಿಂತ ಮೇಲು. ಎರ್ಜೆ 1983ರಲ್ಲಿ ತೀರಿಕೊಂಡಾಗ ಟಿನ್‌ಟಿನ್ ಕಥೆಗಳನ್ನು ಬೇರೆಯವರು ಮುಂದುವರಿಸಬಾರದೆಂಬ ಅವನ ಇಚ್ಛೆ ನಿಂತಿತು; ಕಥೆಗಾರ ಗೊಸಿನ್ನಿ 1977ರಲ್ಲಿ ಹೋದ ಮೇಲೂ ಆಸ್ಟೆರಿಕ್ಸ್ ಅನ್ನು ಚಿತ್ರಗಾರ ಉದೆರ್ಜೊ ಒಬ್ಬನೇ ಮುಂದುವರಿಸಿದ, 2013ರಿಂದ ಹೊಸಬರ ಕೈಗೂ ಬಂತು. ಎರಡೂ ನಿರ್ಧಾರಗಳನ್ನು ಅದಲುಬದಲು ಮಾಡಿ ಎಂದು ಕಾರ್ಡ್ ಹೇಳುತ್ತದೆ. ಆ ರಾತ್ರಿ ನಾವು ಅಂಕಗಳನ್ನು ಬರೆದುಕೊಳ್ಳುವುದನ್ನೇ ಮರೆತೆವು.

ವಸ್ತುವಾಗಿ ಪೆಟ್ಟಿಗೆ ಅಚ್ಚುಕಟ್ಟಾಗಿದೆ. ಕಾರ್ಡುಗಳ ಅಂಚು ಇನ್ನೂ ಸವೆದಿಲ್ಲ, ಮರದ ಬಿಲ್ಲೆಗಳು ಕೈಗೆ ಹಿತ. ಕಾಲರೇಖೆಯನ್ನು ಅಚ್ಚು ಹಾಕಿದ ಬಟ್ಟೆಯ ಪಟ್ಟಿ ಉದ್ದವಾಗಿದ್ದು ಸಾಧಾರಣ ಮೇಜಿನಿಂದ ಎರಡು ಕಡೆಯೂ ಜೋತು ಬೀಳುತ್ತದೆ. 1930ರ ದಶಕ ನೆಲಕ್ಕೆ ತಾಗುತ್ತಿದ್ದಂತೆ ಅದರ ಮೇಲಿಟ್ಟ ಸಾಕ್ಷಿಗಳೂ ನೆಲಕ್ಕೆ. ಮರಳಿನ ಗಡಿಯಾರ ಹೊಸಬರಿಗೆ ಸಾಲದು, ಗಡಿಯಾರವಿಲ್ಲದೆ ಆಡಿದರೆ ಹಳಬರು ನಿಲ್ಲಿಸುವುದಿಲ್ಲ. ಈ ಲೋಕದ ಪರಿಚಯವೇ ಇಲ್ಲದವರನ್ನು ಕೂರಿಸಿಕೊಂಡು ಒಮ್ಮೆ ಆಡಿದೆವು. ಸಾಕ್ಷಿ ಕಾರ್ಡುಗಳನ್ನು ಓದಿಯೇ ಅವರು ಮೂರನೆಯ ಸುತ್ತಿನ ಹೊತ್ತಿಗೆ ಆಕ್ಷೇಪ ಎತ್ತತೊಡಗಿದರು. ಕವಲುಗಳಲ್ಲಿ ಮೂರರಲ್ಲೊಂದನ್ನು, ಅಂದರೆ ಹುಟ್ಟದಿದ್ದರೆ ಎಂಬ ಜಾತಿಯವನ್ನು, ತೆಗೆದಿಟ್ಟು ಆಡುವುದಾದರೆ ಈ ಪೆಟ್ಟಿಗೆಯನ್ನು ಕೊಳ್ಳಿರೆಂದು ಸಂಕೋಚವಿಲ್ಲದೆ ಹೇಳುತ್ತೇನೆ. ಕೋಡ್ ಕಾರ್ಡನ್ನು ಮಾತ್ರ ಮೊದಲು ನೋಡಿಕೊಳ್ಳಿ.

ಕೆಲವು ಖಾಲಿ ಕವಲುಗಳನ್ನೂ ಕೊಟ್ಟಿದ್ದಾರೆ. ನಾನು ಒಂದರ ಮೇಲೆ ಕ್ಯಾಪ್ಟನ್ ಮಾರ್ವೆಲ್ ಮೊಕದ್ದಮೆಯನ್ನು ಪೆನ್ಸಿಲಿನಲ್ಲಿ ಬರೆದೆ. 1940ರ ದಶಕದಲ್ಲಿ ಸೂಪರ್‌ಮ್ಯಾನ್‌ಗಿಂತ ಹೆಚ್ಚು ಮಾರಾಟವಾಗಿದ್ದ ಆ ಪಾತ್ರ ನಕಲೆಂದು ಸೂಪರ್‌ಮ್ಯಾನ್ ಪ್ರಕಾಶಕರು ಹೂಡಿದ ದಾವೆ ವರ್ಷಗಟ್ಟಲೆ ಎಳೆದು, ಕೊನೆಗೆ ಅದನ್ನು ಹೊರಡಿಸುತ್ತಿದ್ದ ಫಾಸೆಟ್ ಸಂಸ್ಥೆ ರಾಜಿ ಮಾಡಿಕೊಂಡು 1953ರಲ್ಲಿ ಪ್ರಕಟಣೆಯನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ ಅದನ್ನು ಮರುಮುದ್ರಿಸುತ್ತಿದ್ದವರು ಸರಕಿಲ್ಲದೆ ಮಿಕ್ ಆ್ಯಂಗ್ಲೋ ಕೈಯಲ್ಲಿ 1954ರಲ್ಲಿ ಮಾರ್ವೆಲ್‌ಮ್ಯಾನ್ ಎಂಬ ಬದಲಿಯನ್ನು ಮಾಡಿಸಿಕೊಂಡರು. ಅದೇ ಬದಲಿಯನ್ನು 1982ರಲ್ಲಿ ಅಲನ್ ಮೂರ್ ಕೈಗೆತ್ತಿಕೊಂಡು ಸೂಪರ್‌ಹೀರೋ ಕಥೆಯ ಹೊಟ್ಟೆಯನ್ನು ಬಗೆದು ತೋರಿಸಿದ. ಫಾಸೆಟ್ ರಾಜಿಯಾಗದಿದ್ದರೆ ಎಂಬುದು ನನ್ನ ಕವಲು. ಗೆಳತಿ ಓದಿ ಮುಗಿಸುವ ಮೊದಲೇ ಎರಡು ಬಿಲ್ಲೆ ಹಾಕಿದಳು. ಮೂರ್ ಆ ಹೊತ್ತಿಗೇ ಬ್ರಿಟನ್ನಿನ ಬೇರೆ ಪತ್ರಿಕೆಗಳಲ್ಲಿ ಬರೆಯುತ್ತಿದ್ದ, ಬದಲಿ ನಾಯಕನಿಲ್ಲದಿದ್ದರೂ ಅವನು ಕಣ್ಣಿಗೆ ಬೀಳುತ್ತಿದ್ದ ಎಂಬುದು ಒಂದು. 1950ರ ದಶಕದ ಆರಂಭಕ್ಕೆ ಸೂಪರ್‌ಹೀರೋ ಪತ್ರಿಕೆಗಳ ಮಾರಾಟವೇ ಇಳಿದಿತ್ತು, ರಾಜಿಯಾಗದಿದ್ದರೂ ಫಾಸೆಟ್ ಬಾಗಿಲು ಹಾಕುತ್ತಿತ್ತು ಎಂಬುದು ಇನ್ನೊಂದು. ಎರಡನೆಯದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಕಾರ್ಡಿನಲ್ಲಿದ್ದ 1953ನ್ನು ಅಳಿಸಿ, ಮಾರಾಟ ಇನ್ನೂ ಏರುತ್ತಿದ್ದ ದಾವೆಯ ಮೊದಲ ವರ್ಷ 1941ನ್ನು ಬರೆದು ಮತ್ತೆ ಕಟ್ಟಿನೊಳಗೆ ಸೇರಿಸಿದ್ದೇನೆ.